ಸೀರೆ ಸಪ್ಲೈಯರ್‌ದು, ಮಾತು ನಮ್ಮದು



ಇತ್ತೀಚೆಗೆ ಯಾವ ಸಂಘದ ವಾರದ ಸಭೆಗೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. “ಸಿಸ್ಟರ್, ವಾಟ್ಸಾಪ್‌ನಲ್ಲಿ ಸೀರೆ ಮಾರಬಹುದಂತೆ, ಬಂಡವಾಳನೇ ಬೇಡ್ವಂತೆ, ಹೌದಾ?” ಮಾರಬಹುದು, ಅನುಮಾನವಿಲ್ಲ. ಆದರೆ ಬಂಡವಾಳ ಬೇಡ ಎನ್ನುವುದು ಅರ್ಧ ಮಾತ್ರ ನಿಜ.

ಈ ವ್ಯಾಪಾರಕ್ಕೆ ಡ್ರಾಪ್‌ಶಿಪ್ಪಿಂಗ್ ಎಂದು ಹೆಸರು. ನಮ್ಮಲ್ಲಿ ರೀಸೆಲ್ಲಿಂಗ್ ಎಂದೇ ಹೇಳುತ್ತಾರೆ. ಸೂರತ್‌ನಲ್ಲೋ ಬೆಂಗಳೂರಿನಲ್ಲೋ ಇರುವ ಸಪ್ಲೈಯರ್ ಸೀರೆಯ ಫೋಟೋ ಕಳಿಸುತ್ತಾನೆ. ನೀವು ಅದನ್ನು ಸ್ಟೇಟಸ್‌ಗೆ ಹಾಕುತ್ತೀರಿ. ಪಕ್ಕದ ಬೀದಿಯವರು ನೋಡಿ ನಿಮಗೆ ದುಡ್ಡು ಕೊಡುತ್ತಾರೆ. ನಿಮ್ಮ ಲಾಭ ಇಟ್ಟುಕೊಂಡು ಉಳಿದದ್ದನ್ನು ಸಪ್ಲೈಯರ್‌ಗೆ ಕಳಿಸಿ, ಗಿರಾಕಿಯ ವಿಳಾಸ ಕೊಡುತ್ತೀರಿ. ಸೀರೆ ನೇರವಾಗಿ ಅವರ ಮನೆಗೆ ಹೋಗುತ್ತದೆ. ನೀವು ಅದನ್ನು ಮುಟ್ಟಿ ಕೂಡ ನೋಡಿರುವುದಿಲ್ಲ.

ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಮೀಶೋ ಮೊದಲು ಬೆಳೆದದ್ದು ಹೀಗೆ ಮನೆಯಿಂದ ಮಾರುವ ಹೆಂಗಸರಿಂದಲೇ. ಈಗ ಗಿರಾಕಿಗಳು ತಾವೇ ಅಂಥ ಆಪ್‌ಗಳಲ್ಲಿ ನೇರವಾಗಿ ಕೊಳ್ಳುತ್ತಾರೆ. ಅಂದರೆ ನೀವು 650 ರೂಪಾಯಿ ಹೇಳುವ ಸೀರೆಯ ಅದೇ ಫೋಟೋ ಕಡಿಮೆ ಬೆಲೆಗೆ ಅವರ ಫೋನಿನಲ್ಲೂ ಸಿಗಬಹುದು. ಹಾಗಿದ್ದೂ ನಿಮ್ಮ ಹತ್ತಿರ ಯಾಕೆ ಬರುತ್ತಾರೆ? ನಿಮ್ಮ ಮುಖ ನೋಡಿ, “ನಮ್ಮಕ್ಕ ಕೊಡ್ತಾಳೆ, ಮೋಸ ಇರಲ್ಲ” ಅಂತ. ಈ ವ್ಯಾಪಾರಕ್ಕೆ ನೀವು ಹಾಕುವ ಬಂಡವಾಳ ಅದೇ.

ನಮ್ಮ ಒಂದು ಸಂಘದ ಸದಸ್ಯೆ ದಸರಾ ಸಮಯದಲ್ಲಿ ಹೀಗೆ ಹತ್ತು ಸೀರೆ ಮಾರಿದರು. ಸಪ್ಲೈಯರ್ ಬೆಲೆ 450, ಕೊರಿಯರ್ 70, ಒಟ್ಟು 520. ಆಕೆ ಮಾರಿದ್ದು 650ಕ್ಕೆ. ಹತ್ತು ಸೀರೆಗೆ ಲಾಭ 1,300 ರೂಪಾಯಿ. ಸಂತೋಷವಾಯಿತು. ಆಮೇಲೆ ಎರಡು ಸೀರೆ ಬಗ್ಗೆ ತಕರಾರು ಬಂತು. ಒಂದರ ಬಣ್ಣ ಫೋಟೋದಲ್ಲಿದ್ದ ಹಾಗೆ ಇರಲಿಲ್ಲ, ಇನ್ನೊಂದರ ಸೆರಗು ಹರಿದಿತ್ತು. ಸಪ್ಲೈಯರ್‌ಗೆ ಫೋನ್ ಮಾಡಿದರೆ, ಪಾರ್ಸೆಲ್ ಬಿಚ್ಚುವಾಗ ತೆಗೆದ ವಿಡಿಯೋ ಕಳಿಸಿ ಎಂದ. ಪಾರ್ಸೆಲ್ ಬಿಚ್ಚುವಾಗ ನಮ್ಮೂರಲ್ಲಿ ಯಾರು ವಿಡಿಯೋ ತೆಗೆಯುತ್ತಾರೆ? “ವಾಪಸ್ ಇಲ್ಲ ಅಂತ ಗ್ರೂಪಿನಲ್ಲಿ ಮೊದಲೇ ಹಾಕಿದ್ದೆವಲ್ಲ” ಎಂದ. ಮೂರನೇ ದಿನ ಆಕೆಯ ನಂಬರ್ ಬ್ಲಾಕ್. ಇಬ್ಬರಿಗೂ ದುಡ್ಡು ವಾಪಸ್ ಕೊಟ್ಟದ್ದು 1,300. ಲೆಕ್ಕ ಹಾಕಿ ನೋಡಿ, ಹತ್ತರಲ್ಲಿ ಎರಡು ವಾಪಸ್ ಬಂದದ್ದಕ್ಕೆ ಇಡೀ ಲಾಭ ಹೋಯಿತು.

ಅದಕ್ಕಿಂತ ಕಷ್ಟವಾದದ್ದು ಬೇರೆ. ಒಂದು ಪಾರ್ಸೆಲ್‌ನೊಳಗೆ ಸಪ್ಲೈಯರ್ ತನ್ನ 450ರ ಬಿಲ್ ಇಟ್ಟಿದ್ದ. ಅದನ್ನು ಕಂಡವರು ಅದೇ ಸಂಘದ ಸದಸ್ಯೆ. ಎರಡು ವಾರ ಸಭೆಗೆ ಬರಲಿಲ್ಲ. ಉಳಿತಾಯ ಕಟ್ಟಿಸಿಕೊಳ್ಳಲು ನಾನೇ ಅವರ ಮನೆಗೆ ಹೋಗಬೇಕಾಯಿತು.

ಕಾನೂನು ಏನು ಹೇಳುತ್ತದೆ?

ಇದನ್ನು ಗಮನವಿಟ್ಟು ಓದಿ. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ, ಮರುಮಾರಾಟಕ್ಕೆಂದು ಸರಕು ಕೊಳ್ಳುವವರನ್ನು ಗ್ರಾಹಕರು ಎಂದು ಪರಿಗಣಿಸುವುದಿಲ್ಲ. ನಿಮ್ಮಿಂದ ಸೀರೆ ಕೊಂಡವರು ಗ್ರಾಹಕರು. ಅವರು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಅದೂ ನಿಮ್ಮ ಮೇಲೆ! ದುಡ್ಡು ತೆಗೆದುಕೊಂಡವರು ನೀವೇ ತಾನೆ. ಆದರೆ ನೀವು ಸಪ್ಲೈಯರ್ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವುದು ಕಷ್ಟ. ಸಿವಿಲ್ ಕೋರ್ಟ್ ಇದೆ, ಎರಡು ಸೀರೆಗಾಗಿ ಯಾರು ಅಲೆಯುತ್ತಾರೆ?

ಬರೆಯುವ ಮಾತಿನಲ್ಲೂ ಎಚ್ಚರ ಬೇಕು. ಸಪ್ಲೈಯರ್ “ಪ್ಯೂರ್ ಸಿಲ್ಕ್” ಎಂದು ಕಳಿಸಿದ್ದನ್ನು ನೀವು ಹಾಗೇ ಸ್ಟೇಟಸ್‌ಗೆ ಹಾಕಿದರೆ ಅದು ನೀವು ಹೇಳಿದ ಮಾತಾಗುತ್ತದೆ. 900 ರೂಪಾಯಿಗೆ ಶುದ್ಧ ರೇಷ್ಮೆ ಸೀರೆ ಎಲ್ಲಿಂದ ಬರುತ್ತದೆ? ರೇಷ್ಮೆ ಎಂದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಎಂದು ಕೇಳಿ. ದೊಡ್ಡ ಕಂಪನಿಯ ಹೆಸರಿನ ನಕಲಿ ಬ್ಯಾಗು, ವಾಚು ಮಾರಿದರಂತೂ ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ಜೈಲು ಶಿಕ್ಷೆಯೂ ಇದೆ.

ಮಾಡಲೇಬೇಕು ಎನ್ನುವವರು

ಮೊದಲು ಒಂದು ಸೀರೆಯನ್ನು ನಿಮ್ಮ ಮನೆಗೇ ತರಿಸಿ. ನೀರಿಗೆ ಹಾಕಿ, ಬಣ್ಣ ಬಿಡುತ್ತದಾ ನೋಡಿ. ಎಷ್ಟು ದಿನಕ್ಕೆ ಬಂತು ಎಂದು ಬರೆದಿಡಿ, ಮದುವೆಗೆ ಬೇಕಾದ ಸೀರೆ ಮದುವೆ ಆದ ಮೇಲೆ ಬಂದರೆ ಯಾರು ತೆಗೆದುಕೊಳ್ಳುತ್ತಾರೆ? ಸಪ್ಲೈಯರ್‌ನ ಜಿಎಸ್‌ಟಿ ನಂಬರ್ ಕೇಳಿ. 15 ಅಂಕಿ-ಅಕ್ಷರ ಇರುತ್ತದೆ. ಕರ್ನಾಟಕದ್ದಾದರೆ 29ರಿಂದ, ಗುಜರಾತಿನದ್ದಾದರೆ 24ರಿಂದ ಶುರು. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ, ಮಕ್ಕಳ ಹತ್ತಿರ ನೋಡಿಸಿ. ನಂಬರ್ ಕೊಡದಿದ್ದರೆ ಅವನೂ ನಿಮ್ಮ ಹಾಗೆ ಬೇರೆ ಯಾರದ್ದೋ ಫೋಟೋ ಮಾರುವವನಿರಬಹುದು. ಗ್ರೂಪಿಗೆ ಸೇರಲು 999, 1,499 ಮೆಂಬರ್‌ಶಿಪ್ ಕಟ್ಟಿ ಎನ್ನುವವರಿಂದ ದೂರ ಇರಿ. ದುಡ್ಡು ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಚಾಟ್ ಅಳಿಸಬೇಡಿ.

ಸಂಘದ ಆಂತರಿಕ ಸಾಲ ಎತ್ತಿ ಕಾಣದ ಸಪ್ಲೈಯರ್‌ಗೆ ಅಡ್ವಾನ್ಸ್ ಕಳಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದು ಹದಿನೈದು ಹೆಂಗಸರ ದುಡ್ಡು.

ಆ ಸದಸ್ಯೆ ಈಗಲೂ ಸೀರೆ ಮಾರುತ್ತಾರೆ. ತಾವೇ ಪೇಟೆಗೆ ಹೋಗಿ, ಹೋಲ್‌ಸೇಲ್ ಅಂಗಡಿಯಲ್ಲಿ ಮುಟ್ಟಿ ನೋಡಿ, ಒಂದು ಸಲಕ್ಕೆ ಆರು ತರುತ್ತಾರೆ. ಆ ಫೋಟೋವನ್ನೇ ಸ್ಟೇಟಸ್‌ಗೆ ಹಾಕುತ್ತಾರೆ. ವಾಪಸ್ ಬಂದ ಎರಡರಲ್ಲಿ ಹರಿದದ್ದನ್ನು ಹೊಲಿಸಿ ತಾವೇ ಉಡುತ್ತಿದ್ದಾರೆ, ಇನ್ನೊಂದು ಕಪಾಟಿನಲ್ಲಿದೆ.