ಬಚ್ಚಲೊಲೆ ಹೊಗೆಯುವುದೇಕೆ?

ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಹಾಸನದ ಸೀಮೆಯ ಹಳೆಯ ಮನೆಗಳಲ್ಲಿ ಹಂಡೆಗೆ ಸಲ್ಲುವ ಮರ್ಯಾದೆ ಮನೆಯ ಯಜಮಾನನಿಗೂ ಸಲ್ಲದು. ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆದು, ಕೊರಳಿಗೆ ಹೂವು ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಆದರೆ ಅದರ ಕೆಳಗಿರುವ ಒಲೆಯನ್ನು ಬಗ್ಗಿ ನೋಡುವವರು ಯಾರು? ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ನಡುಗುತ್ತ ಕುಳಿತಿರುವಾಗ, ಕಣ್ಣೀರು ಸುರಿಸುತ್ತ ಊದುಗೊಳವೆ ಊದುವವಳು ಮನೆಯ ಗೃಹಿಣಿ.

ಗ್ಯಾಸಿನ ಗೀಸರು, ಬಿಸಿಲಿನ ಹೀಟರು ಬಂದ ಮೇಲೆ ಪಟ್ಟಣದ ಎಷ್ಟೋ ಹಂಡೆಗಳು ತುಳಸಿಗಿಡದ ಕುಂಡಗಳಾಗಿವೆ, ನಿಜ. ಆದರೂ ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಮಾರ್ಗಶಿರದ ಮೋಡ ಮುಸುಕಿದ ಬೆಳಗಿನಲ್ಲಿ ಬಿಸಿಲನ್ನು ನಂಬಿ ಕುಳಿತವನಿಗೆ ಸ್ನಾನವಿಲ್ಲ. ಚನ್ನರಾಯಪಟ್ಟಣದ ಕಡೆ ತೋಟವಿದ್ದವರಿಗೆ ತೆಂಗಿನ ಗರಿ, ಎಡಮಟ್ಟೆ, ಕರಟಗಳು ಬಿಟ್ಟಿಯಾಗಿ ದೊರೆಯುತ್ತವೆ. ಹಾಗಾಗಿ ಒಲೆ ಉಳಿದಿದೆ. ಅದರ ಜೊತೆಗೆ ಅದರ ಕಾಯಿಲೆಗಳೂ ಉಳಿದಿವೆ.

ಮೊದಲನೆಯ ಕಾಯಿಲೆ ಹೊಗೆ ಹಿಂದಿರುಗುವುದು. ಹೊಗೆಗೂಡಿನೊಳಗಿನ ಗಾಳಿ ಬಿಸಿಯಾಗಿ ಹಗುರಾದಾಗ ಮೇಲೇರುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ಸೆಳೆತವೇ ಒಲೆಯ ಉಸಿರು. ಇರುಳೆಲ್ಲ ತಣ್ಣಗಾದ ಗೂಡಿನಲ್ಲಿ ಸೆಳೆತವಿರುವುದಿಲ್ಲ. ಆದ್ದರಿಂದ ದಪ್ಪ ಕೊರಡಿಗೆ ಬೆಂಕಿ ಇಡುವ ಮುನ್ನ ಒಂದು ಹಿಡಿ ಒಣಗರಿಯನ್ನು ಗೂಡಿನ ಬುಡಕ್ಕೆ ತಳ್ಳಿ ಧಗ್ಗೆಂದು ಉರಿಸಬೇಕು. ಗೂಡು ಬೆಚ್ಚಗಾದರೆ ಸಾಕು, ಹೊಗೆ ತಾನಾಗಿ ದಾರಿ ಹಿಡಿಯುತ್ತದೆ. ಹಾಗೆ ಮಾಡಿದರೂ ಹಿಂದಿರುಗಿತೆಂದರೆ ಹೆಂಚಿನ ಮೇಲೆ ಹತ್ತಿಸಿ ನೋಡಿಸಿ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ತಗ್ಗಾಗಿದ್ದರೆ ನೆತ್ತಿಯನ್ನು ದಾಟಿ ಬರುವ ಗಾಳಿ ಅದರೊಳಕ್ಕೆ ಧುಮುಕುತ್ತದೆ. ಮಳೆಗೆಂದು ಹಾಕಿಸಿದ ತಗಡಿನ ಟೊಪ್ಪಿಗೆ ಕೊಳವೆಯ ಬಾಯನ್ನೇ ಒತ್ತಿ ಕುಳಿತಿರುವುದೂ ಉಂಟು. ಹಕ್ಕಿಯ ಗೂಡಿನ ಮಾತು ಹೇಳಲೇಬೇಕಾಗಿಲ್ಲ.

ಮಸಿಯದು ಇನ್ನೊಂದು ಕಥೆ. ಕೊಳವೆಯಲ್ಲಿ ಅಡ್ಡಲಾಗಿ ಹೋಗುವ ಭಾಗ ಎಷ್ಟು ಉದ್ದವೋ ಅಷ್ಟೂ ಮಸಿಗೆ ಮಂಚ. ದಿನವೂ ಉರಿಯುವ ಒಲೆಯ ಗೂಡನ್ನು ತಿಂಗಳಿಗೊಮ್ಮೆಯಾದರೂ ಕೋಲಿಗೆ ಗೋಣಿಚಿಂದಿ ಕಟ್ಟಿ ಎಳೆಯತಕ್ಕದ್ದು. ಹಸಿ ಸೌದೆ ಉರಿಸುವ ಮನೆಗಳಲ್ಲಿ ಒಣ ಮಸಿಯ ಬದಲು ಕರಿಯ ಜಿಡ್ಡು ಅಂಟುತ್ತದೆ. ಅದಕ್ಕೆ ಬೆಂಕಿ ತಗಲಿದರೆ ಕೊಳವೆಯೇ ಪಂಜಾಗಿ ಉರಿಯುತ್ತದೆ. ಹಂಡೆಯ ಹೊಟ್ಟೆಗೆ ಹತ್ತಿದ ಮಸಿಯ ವಿಚಾರದಲ್ಲಿ ಮಾತ್ರ ನಮ್ಮ ಹೆಂಗಸರು ಅತಿಯಾಗಿ ಶ್ರಮಪಡುತ್ತಾರೆಂದು ನನ್ನ ಅಭಿಪ್ರಾಯ. ತೆಳುವಾದ ಕಪ್ಪು ಶಾಖವನ್ನು ಹೀರಿಕೊಳ್ಳಲು ಒಳ್ಳೆಯದೇ. ಗಟ್ಟಿ ಪದರವನ್ನು ಕೆರೆದು ತೆಗೆದರೆ ಸಾಕು. ಕನ್ನಡಿಯಂತೆ ಹೊಳೆಯಬೇಕಾದುದು ಕಾಣುವ ಕೊರಳು. ಬೆಂಕಿಗೆ ಕೂತಿರುವ ತಳವಲ್ಲ.

ಹಂಡೆಯ ಒಳಗಡೆ ಗಮನ ಹೆಚ್ಚು ಬೇಕು. ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಹುಣಿಸೆಹುಳಿ ಹಚ್ಚಿಟ್ಟು ಉಜ್ಜಿದರೆ ಬಿಡುತ್ತದೆ. ಖಾಲಿ ಹಂಡೆಯ ಕೆಳಗೆ ಬೆಂಕಿ ಇರಕೂಡದು. ಬೆಸುಗೆ ಬಿಟ್ಟ ಹಂಡೆಗೆ ಇಂದು ಕಂಚುಗಾರನನ್ನು ಹುಡುಕುವುದು ವರ ಹುಡುಕುವುದಕ್ಕಿಂತ ಕಷ್ಟ.

ನೀರು ಬೇಗ ಕಾಯುವುದಿಲ್ಲವೆಂಬ ದೂರಿಗೆ ಒಂದು ಲೆಕ್ಕವಿದೆ. 50 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2000 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಸೌದೆಯಲ್ಲಿ ಹೆಚ್ಚು ಕಡಿಮೆ 4000 ಇದೆ. ಅಂದರೆ ಅರ್ಧ ಕಿಲೋ ಸಾಕಾಗಬೇಕು! ಆದರೆ ಬಾಯಗಲದ ಹಳೆಯ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ನೀರಿಗೆ ಸೇರುವುದರಿಂದ ಮೂರೂವರೆಯಿಂದ ಐದು ಕಿಲೋವರೆಗೆ ಸುಡುತ್ತೇವೆ. ಹಸಿ ಮರವಾದರೆ ತೂಕದಲ್ಲಿ ಅರ್ಧದಷ್ಟು ನೀರೇ. ಅದನ್ನು ಆವಿ ಮಾಡಿದ ಮೇಲಲ್ಲವೆ ಹಂಡೆಯ ಸರದಿ? ಬೂದಿಯನ್ನು ದಿನವೂ ತೆಗೆಯಿರಿ, ಕೆಳಗೆ ಕಬ್ಬಿಣದ ಕಂಬಿಗಳ ಜಾಲರಿ ಇಡಿಸಿ ಗಾಳಿ ಬುಡದಿಂದ ಬರುವಂತೆ ಮಾಡಿ. ಹಂಡೆಗೂ ಒಲೆಯ ಅಂಚಿಗೂ ನಡುವಿನ ಸಂದನ್ನು ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಮೆತ್ತಿ. ಸಿಮೆಂಟು ಬೇಡ, ಬೆಂಕಿಗೆ ಅದು ಬಿರಿದು ಉದುರುತ್ತದೆ.

ಈ ಲೆಕ್ಕಗಳು ದೊಡ್ಡವರ ಗಮನಕ್ಕೂ ಬಂದಿದ್ದವು. ಹೈದರಾಬಾದಿನಲ್ಲಿ ಎಸ್. ಪಿ. ರಾಜು ಅವರು 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗ, 1980ರ ದಶಕದಲ್ಲಿ ಜಾಲರಿ, ಮುಚ್ಚಿದ ಬೆಂಕಿಗೂಡು, ಹೊಗೆಕೊಳವೆಗಳುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿತು. 1983ರಲ್ಲಿ ಆರಂಭವಾಗಿ 2002ರವರೆಗೆ ನಡೆದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಇಂಥ ಸುಧಾರಿತ ಒಲೆಗಳು ದೇಶದ ಹಳ್ಳಿ ಹಳ್ಳಿಗೂ ಹೋದವು. ಒಲೆ ಕಟ್ಟಿಕೊಟ್ಟವರು ಹೊರಟುಹೋದ ಮೇಲೆ ಕೊಳವೆ ಗುಡಿಸುವವರಿಲ್ಲದೆ ಎಷ್ಟೋ ಒಲೆಗಳು ಮತ್ತೆ ಹೊಗೆಯತೊಡಗಿದವು.

ಅರಕಲಗೂಡಿನ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರನ್ನು ನೋಡಿ. ಹದಗೊಳಿಸುವ ಮನೆಯಲ್ಲಿ ಕುಲುಮೆಯ ಬಾಯಿ ಗೋಡೆಯ ಹೊರಗಿರುತ್ತದೆ. ಬಿಸಿಹೊಗೆ ತಗಡಿನ ಕೊಳವೆಗಳಲ್ಲಿ ಸುತ್ತಾಡಿ ಹೊರಬೀಳುತ್ತದೆ. ಎಲೆಗೆ ಶಾಖ ಮಾತ್ರ, ಹೊಗೆ ತಗಲಕೂಡದು. ಎಲೆಗೆ ತೋರುವ ಆ ಅಕ್ಕರೆಯನ್ನು ಬಚ್ಚಲಿನಲ್ಲಿ ಮೀಯುವ ಮಗುವಿಗೂ ತೋರಬಾರದೆ?

ಇದನ್ನು ಕೇಳಲು ನನಗೆ ಕಾರಣವಿದೆ. ಹೊಳೆನರಸೀಪುರದಲ್ಲಿ ನಮ್ಮ ಸೋದರತ್ತೆಯ ಮನೆ. ಕೆಲವು ವರ್ಷಗಳ ಹಿಂದೆ ಪುಷ್ಯದ ಚಳಿಗೆ ಹೆದರಿ ಬಚ್ಚಲಿನ ಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದರು. ಅಂದು ಒಲೆ ಹೊಗೆಯುತ್ತಿರಲಿಲ್ಲ. ಕರಟದ ಕೆಂಡ ನಿಗಿನಿಗಿ ಹೊಳೆಯುತ್ತಿತ್ತು. ಸ್ನಾನಕ್ಕೆ ಹೋದ ಹುಡುಗಿ ಹೊರಗೆ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಬಾಗಿಲು ದೂಡಿ ನೋಡಿದರೆ ಗೋಡೆಗೆ ಒರಗಿ ಕುಸಿದಿದ್ದಾಳೆ! ಅಂಗಳಕ್ಕೆ ಎತ್ತಿ ತಂದು ಮಲಗಿಸಿದಾಗ, ತುಸು ಹೊತ್ತಿಗೆ, ತಲೆ ಸಿಡಿಯುತ್ತಿದೆಯೆಂದು ಅತ್ತಳು. ಡಾಕ್ಟರಲ್ಲಿಗೆ ಒಯ್ದರು, ಉಳಿದಳು.

ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು — ಇಷ್ಟರಲ್ಲಿ ಎದ್ದು ಹೊರಗೆ ಬರಬೇಕು. ಮಂಪರು ಹೆಚ್ಚಿದರೆ ಏಳುವ ಶಕ್ತಿಯೇ ಇರದು. ಹೊಗೆಯಾದರೂ ಕೆಮ್ಮಿಸಿ ಓಡಿಸುತ್ತದೆ, ಇದು ಮಲಗಿಸುತ್ತದೆ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುವವರೂ, ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರು ಹಾಕಿಸಿದ ಪಟ್ಟಣದವರೂ ಇದನ್ನು ತಮಗೇ ಹೇಳಿದ್ದೆಂದು ತಿಳಿಯಬೇಕು. ಯಾರಾದರೂ ಕುಸಿದರೆ ಮೊದಲು ಬಯಲಿಗೆ ತನ್ನಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎಚ್ಚರವಾಯಿತೆಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ.

ಅತ್ತೆಯ ಮನೆಯಲ್ಲಿ ಆ ದಿನವೇ ಇಟ್ಟಿಗೆ ತೆಗೆದರು. ಬಚ್ಚಲಿನ ಒಳಚಿಲಕವನ್ನೂ ಕಳಚಿಹಾಕಿ, ಬಾಗಿಲಿಗೆ ಪರದೆ ಬಿಟ್ಟಿದ್ದಾರೆ. ಕಿಂಡಿಯಲ್ಲೀಗ ಗುಬ್ಬಿಯೊಂದು ಹುಲ್ಲು ತಂದು ತುಂಬುತ್ತಿದೆಯಂತೆ. ನೀರು ತುಂಬುವ ಹಬ್ಬಕ್ಕೆ ಮೊದಲು ಅದಕ್ಕೊಂದು ತಂತಿಯ ಬಲೆ ಹೊಡೆಸಬೇಕೆಂದು ಕಾಗದ ಬರೆದಿದ್ದೇನೆ.