ಮೇಜಿನ ಮೇಲಿನ ಫೋನಿನಲ್ಲೂ ಒಬ್ಬ ಸದಸ್ಯರಿದ್ದಾರೆ

ರೋಣ ತಾಲ್ಲೂಕಿನ ಅಸೂಟಿಯಂಥ ಊರಿನ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ನಡೆದಿದೆ ಎಂದುಕೊಳ್ಳೋಣ. ಹತ್ತು ಜನ ಕೊಠಡಿಯಲ್ಲಿದ್ದಾರೆ. ದುಡಿಯಲು ಗೋವೆಗೆ ಹೋದ ತಾಯಿಯೊಬ್ಬರು ವಾಟ್ಸ್‌ಆ್ಯಪ್ ಕರೆಯಲ್ಲಿದ್ದಾರೆ. ಫೋನು ಮುಖ್ಯಶಿಕ್ಷಕರ ಮುಂದಿದೆ. ಹಿಂದಿನ ಸಾಲಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳಿ ಠರಾವು ಬರೆದದ್ದೂ ಆಯಿತು. ಆ ತಾಯಿಗೆ ಮಾತು ಸರಿಯಾಗಿ ಕೇಳಿಸಿಯೇ ಇರಲಿಲ್ಲ.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಶೇ. 50ರಷ್ಟು ಮಹಿಳೆಯರು ಇರಬೇಕು. ಹೆಸರು ಪಟ್ಟಿಯಲ್ಲಿದ್ದು ಮಾತು ಸಭೆಯಲ್ಲಿ ಇಲ್ಲವಾದರೆ ಕಾಯ್ದೆಯ ಆಶಯ ಸೋತಂತೆ.

ದೂರದವರು ಸುಮ್ಮನಾಗುವುದೇಕೆ? ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ, ಅಂದರೆ ಸುಮಾರು 200 ಮಿಲಿಸೆಕೆಂಡ್. ನೆಟ್‌ವರ್ಕ್ ದುರ್ಬಲವಿದ್ದಾಗ ಧ್ವನಿ ತಲುಪುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಅವರು ಬಾಯಿ ತೆರೆಯುವಷ್ಟರಲ್ಲಿ ಕೊಠಡಿಯಲ್ಲಿ ಮತ್ತೊಬ್ಬರು ಮಾತು ಎತ್ತಿಕೊಂಡಿರುತ್ತಾರೆ. ಜೊತೆಗೆ ಫೋನಿನ ಮೈಕಿಗೆ ಹತ್ತಿರದ ಧ್ವನಿಯಷ್ಟೇ ಚೆನ್ನಾಗಿ ಕೇಳುತ್ತದೆ. ಸನ್ನೆ, ಮುಖಭಾವ ದಾಟುವುದಿಲ್ಲ. ಆದ್ದರಿಂದ ಈ ಅಂತರವನ್ನು ತುಂಬುವ ಹೊಣೆ ಕೊಠಡಿಯಲ್ಲಿರುವವರದು.

ಪಾಲಿಸಬೇಕಾದ ಕ್ರಮಗಳು:

1. ಕಾರ್ಯಸೂಚಿ ಹಾಗೂ ಲೆಕ್ಕಪತ್ರದ ಚಿತ್ರವನ್ನು ಹಿಂದಿನ ದಿನವೇ ಕಳಿಸಿ. ಓದು ಬಾರದವರಿಗೆ ಧ್ವನಿ ಸಂದೇಶವಿರಲಿ.
2. ಆರಂಭದಲ್ಲಿ ಹಾಜರಿರುವವರೆಲ್ಲ ಹೆಸರು ಹೇಳಲಿ. ಕರೆಯಲ್ಲಿರುವವರೂ ತಮ್ಮ ಪಕ್ಕದಲ್ಲಿ ಯಾರಿದ್ದಾರೆಂದು ತಿಳಿಸಲಿ.
3. ಮಾತನಾಡುವವರ ಬಳಿಗೆ ಫೋನು ಹೋಗಲಿ. ಒಮ್ಮೆಗೆ ಒಬ್ಬರೇ ಮಾತನಾಡಲಿ.
4. ಪ್ರತಿ ವಿಷಯದಲ್ಲೂ ದೂರದವರನ್ನು ಹೆಸರು ಹಿಡಿದು ಮೊದಲು ಕೇಳಿ, ಕೆಲ ಕ್ಷಣ ಕಾಯಿರಿ. ಮೌನವನ್ನು ಒಪ್ಪಿಗೆ ಎಂದು ಬರೆಯಬೇಡಿ.
5. ಠರಾವನ್ನು ಗಟ್ಟಿಯಾಗಿ ಓದಿ ಹೇಳಿ. ಕರೆ ಕಡಿದರೆ ಮತ್ತೆ ಜೋಡಿಸಿದ ಮೇಲೆಯೇ ನಿರ್ಣಯ ಮಾಡಿ.
6. ಕರೆ ಮುಗಿದ ಮೇಲೆ ಅದೇ ವಿಷಯವನ್ನು ಮತ್ತೆ ತೆಗೆಯಬೇಡಿ.

ಇಂಟರ್ನ್‌ಶಿಪ್‌ಗೆ ಹೋದ ಪ್ರಶಿಕ್ಷಣಾರ್ಥಿಯೊಬ್ಬರು ಫೋನಿನ ಕಡೆಯವರ ಪ್ರತಿನಿಧಿಯಾಗಿ ಕೂರಬಹುದು: "ಅವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನುವುದೇ ಅವರ ಕೆಲಸ. ಕಾಲೇಜಿನಲ್ಲಿಯೇ ಇದನ್ನು ಅಭ್ಯಾಸ ಮಾಡಿಸಲು ಸುಲಭ ದಾರಿಯಿದೆ. ಪಾಠ ವಿಮರ್ಶೆಯ ದಿನ ಇಬ್ಬರನ್ನು ಪಕ್ಕದ ಕೊಠಡಿಯಿಂದ ಕರೆಯಲ್ಲಿ ಸೇರಿಸಿ, ಕೊನೆಗೆ ಅವರು ಬರೆದ ಟಿಪ್ಪಣಿಯನ್ನು ಒಳಗಿದ್ದವರ ಟಿಪ್ಪಣಿಯೊಂದಿಗೆ ಹೋಲಿಸಿ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಸಭೆ ಒಬ್ಬರನ್ನು ಹೊರಗಿಟ್ಟಿದೆ. ಹಿಂದಿನ ಬೆಂಚಿನ ಮಗುವಿಗೂ ಪಾಠ ಮುಟ್ಟಿತೇ ಎಂದು ನೋಡುವ ಶಿಕ್ಷಕರಿಗೆ ಈ ಎಚ್ಚರ ಹೊಸದೇನಲ್ಲ.