ಹಳೆಯ ಟ್ಯೂಬ್‌ಲೈಟಿಗೆ ಹೊಸ ಬೆಳಕು

ಹೇಳಿದುದನ್ನು ತಡವಾಗಿ ಗ್ರಹಿಸುವ ಗೆಳೆಯನನ್ನು ವಿದ್ಯಾರ್ಥಿಗಳು ‘ಟ್ಯೂಬ್‌ಲೈಟ್’ ಎಂದು ಹಾಸ್ಯಮಾಡುವುದುಂಟು. ಎರಡು ಮೂರು ಸಲ ಮಿಣುಕಿದ ಮೇಲಷ್ಟೇ ಬೆಳಗುವ ಆ ದೀಪದ ತಡಕ್ಕೆ ಅದರ ಜೊತೆಗಾರರಾದ ಸ್ಟಾರ್ಟರು ಮತ್ತು ಚೋಕುಗಳೇ ಕಾರಣ. ಹಳೆಯ ಟ್ಯೂಬನ್ನು ತೆಗೆದು ಎಲ್.ಇ.ಡಿ. ಹಾಕಬಯಸುವವರು ಮೊದಲು ಅರಿಯಬೇಕಾದುದೂ ಇವೆರಡನ್ನೇ.

ಟ್ಯೂಬಿನೊಳಗೆ ಅಲ್ಪ ಪ್ರಮಾಣದ ಪಾದರಸದ ಆವಿ ಇರುತ್ತದೆ. ವಿದ್ಯುತ್ತು ಹರಿದಾಗ ಅದು ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳನ್ನು ಸೂಸುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿಯು ಅವನ್ನು ಹೀರಿ ಬೆಳಕನ್ನಾಗಿ ಮಾರ್ಪಡಿಸುತ್ತದೆ. ಆದರೆ ಈ ಆವಿಗೆ ಒಂದು ವಿಚಿತ್ರ ಗುಣವುಂಟು. ಪ್ರವಾಹ ಹೆಚ್ಚಿದಂತೆ ಅದರ ತಡೆ ಇಳಿಯುತ್ತದೆ. ಲಗಾಮು ಹಾಕದಿದ್ದರೆ ಪ್ರವಾಹ ಮಿತಿಮೀರಿ ದೀಪವೇ ಹಾಳಾದೀತು. ಆ ಲಗಾಮೇ ಚೋಕು, ಎಂದರೆ ಕಬ್ಬಿಣದ ತಿರುಳಿಗೆ ಸುತ್ತಿದ ತಾಮ್ರದ ತಂತಿ. ದೀಪದ ಬಳಿ ಕೇಳಿಬರುವ ಗುಂಯ್‌ಗುಡುವಿಕೆ ಇದರದೇ. ಇದು ಬಿಸಿಯಾಗಿ ಹತ್ತು ಹನ್ನೆರಡು ವ್ಯಾಟನ್ನು ತಾನೇ ನುಂಗುವುದರಿಂದ, 40 ವ್ಯಾಟಿನದೆಂದು ನಾವು ತಿಳಿದ ದೀಪ 50ಕ್ಕೂ ಹೆಚ್ಚು ವ್ಯಾಟು ಬಳಸುತ್ತದೆ!

ಎಲ್.ಇ.ಡಿ.ಯಲ್ಲಿ ಆವಿಯಿಲ್ಲ, ಅರೆವಾಹಕದ ಚಿಕ್ಕ ಹರಳೇ ನೀಲಿ ಬೆಳಕನ್ನು ಕೊಡುತ್ತದೆ. ಪ್ರಖರವಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಸ್ವಾರಸ್ಯವೆಂದರೆ, ಇಲ್ಲಿಯೂ ಪುಡಿಯ ಲೇಪ ಬಿಟ್ಟಿಲ್ಲ. ಹಳದಿಯ ಪುಡಿಯು ನೀಲಿಯ ಒಂದಂಶವನ್ನು ಹಳದಿಯಾಗಿಸಿದಾಗ ಎರಡೂ ಬೆರೆತು ಬಿಳಿಯಾಗಿ ತೋರುತ್ತದೆ. ನೇರಿಳಾತೀತವನ್ನು ಬೆಳಕಾಗಿಸುವಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುತ್ತಿತ್ತು. ನೀಲಿಯನ್ನು ಹಳದಿಯಾಗಿಸುವಲ್ಲಿ ಆ ನಷ್ಟ ಬಹಳ ಕಡಿಮೆ. ಆದುದರಿಂದ ನಾಲ್ಕಡಿಯ ಟ್ಯೂಬಿನ ಕೆಲಸಕ್ಕೆ ಸುಮಾರು 20 ವ್ಯಾಟು ಸಾಕು. ದಿನಕ್ಕೆ ಆರು ಗಂಟೆ ಉರಿಸಿದರೆ ಒಂದೊಂದು ದೀಪದಿಂದ ವರ್ಷಕ್ಕೆ 70 ಯೂನಿಟ್ಟಿನಷ್ಟು ಉಳಿತಾಯ.

ಹಳೆಯ ಪಟ್ಟಿಯಲ್ಲಿಯೇ ಕೂರುವ ಎಲ್.ಇ.ಡಿ. ಟ್ಯೂಬುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಚೋಕು ಹಾಗೆಯೇ ಇರಬೇಕು. ಸ್ಟಾರ್ಟರಿನ ಬದಲು ಅದರೊಡನೆ ಬರುವ ಫ್ಯೂಸಿನ ಡಬ್ಬಿಯನ್ನು ಸಿಕ್ಕಿಸಬೇಕು. ಇನ್ನೊಂದಕ್ಕೆ ಚೋಕನ್ನೂ ಸ್ಟಾರ್ಟರನ್ನೂ ಕಿತ್ತು 230 ವೋಲ್ಟನ್ನು ನೇರವಾಗಿ ಕೊಡಬೇಕು. ಈ ಎರಡನೆಯ ಬಗೆಯ ಕೆಲವು ಟ್ಯೂಬುಗಳಲ್ಲಿ ಒಂದು ತುದಿಯನ್ನು ಸಿಕ್ಕಿಸಿದೊಡನೆ ಇನ್ನೊಂದು ತುದಿಯ ಕಡ್ಡಿಗಳಲ್ಲಿಯೂ ವಿದ್ಯುತ್ತು ಇರಬಹುದು. ಸ್ವಿಚ್ಚು ಆರಿಸಿದರೆ ಸಾಲದು. ಮೇನನ್ನೇ ಆರಿಸಬೇಕು, ಏಕೆಂದರೆ ಹಳೆಯ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯಲ್ಲಿರುವುದೂ ಉಂಟು. ತಂತಿ ಬದಲಿಸುವ ಕೆಲಸವಂತೂ ಎಲೆಕ್ಟ್ರಿಷಿಯನ್ನನದೇ. ಹಾಗೆ ಬದಲಿಸಿದ ಪಟ್ಟಿಗೆ ಮುಂದೆ ಯಾರೂ ಹಳೆಯ ಟ್ಯೂಬು ಹಾಕದಂತೆ ಚೀಟಿ ಅಂಟಿಸಬೇಕು. ಹೋಲ್ಡರು ಸಡಿಲಗೊಂಡಿದ್ದರೆ ಹೊಸ ಎಲ್.ಇ.ಡಿ. ಪಟ್ಟಿಯನ್ನೇ ಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಕಳಚಿದ ಟ್ಯೂಬನ್ನು ಕಸದ ತೊಟ್ಟಿಗೆ ಎಸೆಯಲಾಗದು. ಪಾದರಸದ ಕುರಿತಾದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಇಂಥ ದೀಪಗಳ ತಯಾರಿಕೆಯನ್ನೂ ಆಮದು ರಫ್ತನ್ನೂ 2027ರ ಹೊತ್ತಿಗೆ ಕೊನೆಗಾಣಿಸಲು 2023ರಲ್ಲಿ ಜಿನೀವಾದಲ್ಲಿ ನಿರ್ಧರಿಸಿದವು. ಟ್ಯೂಬನ್ನು ಒಡೆಯದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಅಕಸ್ಮಾತ್ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಬಳಿಕ ಚೂರುಗಳನ್ನು ಪೊರಕೆಯಿಂದ ಗುಡಿಸದೆ ದಪ್ಪ ಕಾಗದದಿಂದ ಎತ್ತಿ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು.